ದುಡಿಯುವ ಹುಡುಗನಿಗೆ ತೆರೆದ ಬಾಗಿಲು: ಆಂಡ್ರ್ಯೂ ಕಾರ್ನೆಗಿಯವರ ಜೀವನ

ಅನ್ನದಾನದ ತೃಪ್ತಿ ಮರುದಿನದ ಹಸಿವಿನವರೆಗೆ, ವಿದ್ಯಾದಾನದ ತೃಪ್ತಿ ಬಾಳಿನ ಕೊನೆಯವರೆಗೆ ಎಂಬುದು ನಮ್ಮ ಹಿರಿಯರು ಕಂಡುಕೊಂಡ ಸತ್ಯ. ವಿದ್ಯಾದಾನಕ್ಕೆ ಮಾರ್ಗಗಳು ಹಲವು. ಶಾಲೆಯನ್ನು ಕಟ್ಟಿಸುವುದು ಒಂದು; ದೂರದಿಂದ ಬಂದ ವಿದ್ಯಾರ್ಥಿಗೆ ಆಶ್ರಯವೀಯುವುದು ಇನ್ನೊಂದು; ವಿದ್ವಾಂಸರನ್ನು ಪೋಷಿಸುವುದು ಮತ್ತೊಂದು. ಇವುಗಳ ಸಾಲಿನಲ್ಲಿಯೇ ನಿಲ್ಲಬೇಕಾದುದು ಗ್ರಂಥಭಂಡಾರದ ಬಾಗಿಲನ್ನು ಎಳೆಯರಿಗೆ ತೆರೆದಿಡುವ ಕಾರ್ಯ. ಅದರಲ್ಲಿಯೂ ಬಾಲ್ಯವನ್ನು ದಾಟಿ ಪ್ರೌಢತ್ವವನ್ನು ಮುಟ್ಟದ ಹದಿಹರೆಯದ ಮಕ್ಕಳಿಗೆ ಈ ದಾನವು ಸಂದರೆ ಅದರ ಫಲ ಎಷ್ಟು ದೂರ ಹಬ್ಬೀತೆಂಬುದನ್ನು ಕೊಟ್ಟವನೇ ಊಹಿಸಲಾರ. ಈ ಮಾತಿಗೆ ಆಂಡ್ರ್ಯೂ ಕಾರ್ನೆಗಿಯವರ ಜೀವನಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಲೋಕವು ಅವರನ್ನು ಉಕ್ಕಿನ ಒಡೆಯನೆಂದೂ ಕೋಟ್ಯಧೀಶನೆಂದೂ ಬಲ್ಲದು. ಆದರೆ ಅವರ ಬಾಳಿನ ಮುಖ್ಯವಾದ ಘಟನೆಗಳು ಜರುಗಿದುದು ಹದಿನಾಲ್ಕರಿಂದ ಹದಿನೇಳರ ನಡುವೆ, ಒಂದು ಪುಸ್ತಕಭಂಡಾರದ ಬಾಗಿಲಲ್ಲಿ.

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರು ಆ ಕಾಲದಲ್ಲಿ ಲಿನನ್ ಬಟ್ಟೆಯ ನೇಯ್ಗೆಗೆ ಹೆಸರುವಾಸಿಯಾಗಿತ್ತು. 1835ನೆಯ ಇಸವಿಯ ನವೆಂಬರ್ 25ರಂದು ಅಲ್ಲಿಯ ಒಂದು ಚಿಕ್ಕ ಮನೆಯಲ್ಲಿ ಆಂಡ್ರ್ಯೂ ಜನಿಸಿದನು. ತಂದೆ ವಿಲಿಯಂ ಕಾರ್ನೆಗಿ ಕೈಮಗ್ಗದ ನೇಕಾರ. ಮನೆಯ ಕೆಳಭಾಗದಲ್ಲಿ ಮಗ್ಗ, ಮೇಲ್ಭಾಗದಲ್ಲಿ ಸಂಸಾರ. ತಾಯಿ ಮಾರ್ಗರೆಟ್ ಸ್ವಾಭಿಮಾನಿಯೂ ಕಷ್ಟಸಹಿಷ್ಣುವೂ ಆದ ಗೃಹಿಣಿ. ಆಕೆಯ ತಂದೆ ಥಾಮಸ್ ಮಾರಿಸನ್ ಪಾದರಕ್ಷೆಯ ಕಸುಬಿನವನಾಗಿದ್ದು, ಬಡವರ ಮತದಾನದ ಹಕ್ಕಿಗಾಗಿ ವಾದಿಸಿದ ಜನನಾಯಕ. ಆ ಊರಿನ ನೇಕಾರರು ಬಡವರಾದರೂ ಓದಿನ ಹಂಬಲವುಳ್ಳವರು. ಅವರಲ್ಲಿ ಕೆಲವರು ತಮ್ಮ ತಮ್ಮ ಮನೆಗಳಲ್ಲಿದ್ದ ಅಷ್ಟಿಷ್ಟು ಪುಸ್ತಕಗಳನ್ನು ಒಂದೆಡೆ ಸೇರಿಸಿ, ಊರಿನವರು ಎರವಲು ಪಡೆಯಬಹುದಾದ ಪುಟ್ಟ ಭಂಡಾರವೊಂದನ್ನು ಏರ್ಪಡಿಸಿದ್ದರು. ಅಂಥವರಲ್ಲಿ ವಿಲಿಯಂ ಕಾರ್ನೆಗಿಯೂ ಒಬ್ಬ. ಮಗನು ಮುಂದೆ ಮಾಡಿದ ಮಹಾದಾನಕ್ಕೆ ತಂದೆಯೇ ಹೀಗೆ ಅಡಿಪಾಯವನ್ನಿಟ್ಟಿದ್ದನು.

ಬಾಲಕನಿಗೆ ಓದಿನ ರುಚಿಯನ್ನು ಹತ್ತಿಸಿದವರಲ್ಲಿ ಜಾರ್ಜ್ ಲಾಡರ್ ಎಂಬ ಬಂಧುವಿನ ಹೆಸರನ್ನು ಹೇಳಲೇಬೇಕು. ತಾಯಿಯ ಸೋದರಿಯ ಪತಿಯಾದ ಈತ ಡನ್‌ಫರ್ಮ್‌ಲಿನ್ನಿನ ಪೇಟೆಯಲ್ಲಿ ಅಂಗಡಿಯಿಟ್ಟಿದ್ದನು. ವ್ಯಾಪಾರದ ನಡುವೆಯೇ ತನ್ನ ಮಗನನ್ನೂ ಆಂಡ್ರ್ಯೂವನ್ನೂ ಕೂರಿಸಿಕೊಂಡು ಸ್ಕಾಟ್ಲೆಂಡಿನ ವೀರರಾದ ವ್ಯಾಲೇಸ್ ಮತ್ತು ಬ್ರೂಸರ ಕಥೆಗಳನ್ನು ಹೇಳುತ್ತಿದ್ದನು. ಕಾವ್ಯಭಾಗಗಳನ್ನು ಕಂಠಪಾಠ ಮಾಡಿಸುತ್ತಿದ್ದನು. ಹುಡುಗನ ಜ್ಞಾಪಕಶಕ್ತಿಗೂ ವಾಕ್ಪಟುತ್ವಕ್ಕೂ ಇದೇ ಮೊದಲ ಗರಡಿಯಾಯಿತು. ಪುಸ್ತಕವನ್ನು ಎಳೆಯರ ಕೈಗೆ ಕೊಡುವ ಮೊದಲು ಅದರ ಮೇಲೆ ಆಸೆ ಹುಟ್ಟಿಸುವ ಒಂದು ನಾಲಗೆ ಬೇಕಷ್ಟೆ. ಆ ಭಾಗ್ಯ ಆಂಡ್ರ್ಯೂವಿಗೆ ಶೈಶವದಲ್ಲಿಯೇ ದೊರೆಯಿತು.

ಆದರೆ ಉಗಿಯಂತ್ರದ ಮಗ್ಗಗಳು ಬಂದೊಡನೆ ಕೈಮಗ್ಗದವರ ಬಾಳು ಕುಸಿಯಿತು. ಮಗ್ಗಗಳನ್ನು ಮಾರಿದರೂ ಪ್ರಯಾಣದ ವೆಚ್ಚಕ್ಕೆ ಸಾಲದಾಗಿ, ಆಪ್ತರೊಬ್ಬರಿಂದ 20 ಪೌಂಡು ಕಡ ಪಡೆದು, 1848ರಲ್ಲಿ ಸಂಸಾರವು ಅಮೆರಿಕಕ್ಕೆ ಹಡಗು ಹತ್ತಿತು. ಪೆನ್ಸಿಲ್ವೇನಿಯ ಪ್ರಾಂತದ ಪಿಟ್ಸ್‌ಬರ್ಗ್ ನಗರದೆದುರು ನದಿಯಾಚೆಗಿದ್ದ ಅಲೆಘೆನಿ ಎಂಬ ಊರಿನಲ್ಲಿ ಬಂಧುಗಳ ಆಶ್ರಯದಲ್ಲಿ ನೆಲೆ ನಿಂತಿತು. ಹದಿಮೂರು ತುಂಬುವಷ್ಟರಲ್ಲಿ ಆಂಡ್ರ್ಯೂ ಹತ್ತಿ ಗಿರಣಿಯೊಂದರಲ್ಲಿ ನೂಲಿನ ಬಾಬಿನ್ನುಗಳನ್ನು ಬದಲಾಯಿಸುವ ಕೆಲಸಕ್ಕೆ ಸೇರಿದನು. ಬೆಳಗಿನ ಕತ್ತಲೆಯಲ್ಲಿ ಹೋಗಿ ಸಂಜೆಯ ಕತ್ತಲೆಯಲ್ಲಿ ಹಿಂದಿರುಗುವ ದುಡಿಮೆ; ವಾರಕ್ಕೆ 1 ಡಾಲರ್ 20 ಸೆಂಟು ಕೂಲಿ. ಬಳಿಕ ಮತ್ತೊಂದು ಕಾರ್ಖಾನೆಯಲ್ಲಿ ಉಗಿಯಂತ್ರದ ಕುಲುಮೆಯನ್ನು ನೋಡಿಕೊಳ್ಳುವ ಹೊಣೆ ಬಿದ್ದಿತು. ಯಂತ್ರ ಸಿಡಿದೀತೆಂಬ ಭಯದಿಂದ ನಿದ್ದೆಯಲ್ಲಿಯೂ ಹುಡುಗನು ಬೆಚ್ಚಿ ಏಳುತ್ತಿದ್ದನಂತೆ. ಹದಿನಾಲ್ಕರ ಸುಮಾರಿಗೆ ಪಿಟ್ಸ್‌ಬರ್ಗಿನ ತಂತಿ ಕಚೇರಿಯಲ್ಲಿ ಸುದ್ದಿ ಮುಟ್ಟಿಸುವ ಹುಡುಗನ ಕೆಲಸ ದೊರೆಯಿತು. ವಾರಕ್ಕೆ ಎರಡೂವರೆ ಡಾಲರ್ ಸಂಬಳ. ಊರಿನ ಬೀದಿಬೀದಿಯ ಅಂಗಡಿಗಳ ಹೆಸರನ್ನೂ ಒಡೆಯರ ಮುಖವನ್ನೂ ಆತ ನೆನಪಿನಲ್ಲಿರಿಸಿಕೊಂಡನು. ನಾಟಕಶಾಲೆಗೆ ತಂತಿ ಒಯ್ದಾಗ ಅಲ್ಲಿಯೇ ಉಳಿದು ನಾಟಕ ನೋಡುವ ಅವಕಾಶ ದೊರೆತು, ಷೇಕ್ಸ್‌ಪಿಯರನ ಪರಿಚಯವಾದುದೂ ಹೀಗೆಯೇ.

ದುಡಿಮೆಯೇನೋ ದೊರೆಯಿತು, ಶಾಲೆ ಮಾತ್ರ ಕೈತಪ್ಪಿತು. ಪುಸ್ತಕ ಕೊಳ್ಳುವ ಶಕ್ತಿ ಮನೆಯಲ್ಲಿರಲಿಲ್ಲ. ಸಾರ್ವಜನಿಕ ಗ್ರಂಥಾಲಯಗಳು ಅಮೆರಿಕದಲ್ಲಿಯೂ ಆಗಿನ್ನೂ ವಿರಳ. ಇಂಥ ಹೊತ್ತಿನಲ್ಲಿ ಅಲೆಘೆನಿಯ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಮಹನೀಯರು ತಮ್ಮ ಸ್ವಂತ ಸಂಗ್ರಹದ ಸುಮಾರು 400 ಪುಸ್ತಕಗಳನ್ನು ಊರಿನ ದುಡಿಯುವ ಹುಡುಗರಿಗೆ ತೆರೆದಿಟ್ಟರು. ಪ್ರತಿ ಶನಿವಾರ ಹುಡುಗನೊಬ್ಬನು ಬಂದು ಒಂದು ಪುಸ್ತಕವನ್ನು ಒಯ್ಯಬಹುದು. ಮರು ಶನಿವಾರ ಅದನ್ನು ತಂದೊಪ್ಪಿಸಿ ಮತ್ತೊಂದನ್ನು ಪಡೆಯಬಹುದು. ಶುಲ್ಕವಿಲ್ಲ. ಟಾಮ್ ಮಿಲ್ಲರ್ ಎಂಬ ಗೆಳೆಯನ ಮೂಲಕ ಆಂಡ್ರ್ಯೂವಿಗೆ ಈ ಬಾಗಿಲು ದೊರೆಯಿತು. ಮೆಕಾಲೆಯ ಪ್ರಬಂಧಗಳು, ಬ್ಯಾಂಕ್ರಾಫ್ಟನ ಅಮೆರಿಕದ ಇತಿಹಾಸ, ಚಾರ್ಲ್ಸ್ ಲ್ಯಾಂಬನ ಲಲಿತಪ್ರಬಂಧಗಳು ಒಂದಾದ ಮೇಲೊಂದರಂತೆ ಹುಡುಗನ ಕೈಸೇರಿದವು. ಕೆಲಸದ ಬಿಡುವಿನ ಗಳಿಗೆಗಳಲ್ಲಿ ಓದಲು ಪುಸ್ತಕವನ್ನು ಜೊತೆಗೇ ಒಯ್ಯುತ್ತಿದ್ದನು. ವಾರವೆಲ್ಲ ದುಡಿತ, ಶನಿವಾರ ಬಂತೆಂದರೆ ಹೊಸ ಪುಸ್ತಕ. ಆ ನಿರೀಕ್ಷೆಯೊಂದೇ ದಿನಗಳ ಭಾರವನ್ನು ಹಗುರಗೊಳಿಸುತ್ತಿತ್ತೆಂದು ಕಾರ್ನೆಗಿಯವರು ತಮ್ಮ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ.

ಕರ್ನಲ್ ಆಂಡರ್ಸನ್ನರ ಔದಾರ್ಯ ಬೆಳೆಯಿತು. ಇನ್ನಷ್ಟು ಪುಸ್ತಕಗಳನ್ನು ಸೇರಿಸಿ, ಭಂಡಾರವನ್ನು ದೊಡ್ಡದು ಮಾಡಿ, ಊರಿನ ಒಂದು ಸಂಸ್ಥೆಯಾಗಿ ನಿಲ್ಲಿಸಲಾಯಿತು. ಆದರೆ ಸಂಸ್ಥೆ ಬಂದೊಡನೆ ನಿಯಮವೂ ಬಂದಿತು. ಕಸುಬು ಕಲಿಯಲು ಕರಾರು ಬರೆದುಕೊಟ್ಟ ಶಿಷ್ಯರಿಗೆ ಮಾತ್ರ ಉಚಿತ. ಉಳಿದವರು ವರ್ಷಕ್ಕೆ 2 ಡಾಲರ್ ಸಲ್ಲಿಸಬೇಕೆಂದು ನಡೆಸುವವರು ಗೊತ್ತುಮಾಡಿದರು. ತಂತಿ ಕಚೇರಿಯ ಹುಡುಗನಾದರೋ ಯಾರಿಗೂ ಕರಾರು ಬರೆದುಕೊಟ್ಟವನಲ್ಲ; ಅವನದು ಕೈಕಸುಬೂ ಅಲ್ಲ. ಆದುದರಿಂದ ಬಾಗಿಲು ಮುಚ್ಚಿತು. ದಾನಿಯ ಮನಸ್ಸಿನಲ್ಲಿದ್ದ ದುಡಿಯುವ ಹುಡುಗ ಎಂಬ ಮಾತು ನಿಯಮದ ಬಾಯಿಗೆ ಬಿದ್ದು ಹೀಗೆ ಕಿರಿದಾಯಿತು. ಆಗ ಆಂಡ್ರ್ಯೂವಿಗೆ ಹದಿನೇಳು ವರ್ಷ. ಆತ ಮೊದಲು ಗ್ರಂಥಪಾಲಕರಿಗೆ ಬರೆದನು, ಫಲವಾಗಲಿಲ್ಲ. ಅನಂತರ 1853ರಲ್ಲಿ ಪಿಟ್ಸ್‌ಬರ್ಗ್ ಡಿಸ್‌ಪ್ಯಾಚ್ ಎಂಬ ಪತ್ರಿಕೆಗೆ ಕಾಗದ ಬರೆದು, ಕೆಳಗೆ ತನ್ನ ಹೆಸರನ್ನು ಹಾಕದೆ ದುಡಿಯುವ ಹುಡುಗನೆಂದಷ್ಟೇ ಸಹಿಮಾಡಿದನು. ಕೈಯಲ್ಲಿ ಕಸುಬಿನ ಉಪಕರಣ ಹಿಡಿಯದ ಮಾತ್ರಕ್ಕೆ ತಾವು ದುಡಿಯುವವರಲ್ಲವೇ, ದಾನಿಯ ಇಂಗಿತ ಅದಾಗಿತ್ತೇ ಎಂಬುದು ಅವನ ವಾದದ ಸಾರ. ನಡೆಸುವವರ ಪರವಾಗಿ ಪತ್ರಿಕೆಯಲ್ಲಿ ಉತ್ತರ ಬಂದಿತು. ಹುಡುಗನು ಎದೆಗುಂದದೆ ಮರುತ್ತರ ಬರೆದನು. ಕೆಲವೇ ದಿನಗಳಲ್ಲಿ ಪತ್ರ ಬರೆದ ದುಡಿಯುವ ಹುಡುಗನು ಕಚೇರಿಗೆ ಬಂದು ಕಾಣಬೇಕೆಂಬ ಪ್ರಕಟಣೆ ಅದೇ ಪತ್ರಿಕೆಯಲ್ಲಿ ಕಾಣಿಸಿತು. ನಿಯಮ ಬದಲಾಯಿತು, ಬಾಗಿಲು ಮತ್ತೆ ತೆರೆಯಿತು.

ಈ ಘಟನೆಯನ್ನು ಗ್ರಂಥಾಲಯಗಳ ಚರಿತ್ರೆಯ ಕಿರಿಯ ಪ್ರಸಂಗವೆಂದು ತಳ್ಳಿಹಾಕಲಾಗದು. ಪುಸ್ತಕವು ತನ್ನಂಥವನಿಗೂ ಸಲ್ಲಬೇಕಾದ ಹಕ್ಕೆಂದು ಒಬ್ಬ ಬಡ ಹುಡುಗನು ಬರಹದಲ್ಲಿ ವಾದಿಸಿದನು. ಆ ಬರಹದ ಶಕ್ತಿಯನ್ನು ಅವನಿಗೆ ಕೊಟ್ಟುದು ಅದೇ ಭಂಡಾರದ ಪುಸ್ತಕಗಳು. ದಾನವು ಹುಡುಗನನ್ನು ದೈನ್ಯಕ್ಕೆ ತಳ್ಳದೆ ಪ್ರಶ್ನಿಸುವಷ್ಟು ಎತ್ತರಕ್ಕೆ ಬೆಳೆಸಿತೆಂದ ಮೇಲೆ ಆ ದಾನ ಸಾರ್ಥಕವಲ್ಲದೆ ಮತ್ತೇನು? ದಶಕಗಳ ಬಳಿಕ, 1904ರಲ್ಲಿ, ಅಲೆಘೆನಿಯ ಗ್ರಂಥಾಲಯದ ಎದುರಿನಲ್ಲಿ ಕಾರ್ನೆಗಿಯವರು ಕರ್ನಲ್ ಆಂಡರ್ಸನ್ನರ ಸ್ಮಾರಕವೊಂದನ್ನು ನಿಲ್ಲಿಸಿದರು. ಪ್ರಸಿದ್ಧ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಅದನ್ನು ರೂಪಿಸಿದನು. ಕೆಲಸದ ನಡುವೆ ಕುಳಿತು ಪುಸ್ತಕದಲ್ಲಿ ಮುಳುಗಿದ ಶ್ರಮಜೀವಿಯ ಮೂರ್ತಿ ಅಲ್ಲಿದೆ. ದಾನಿಯ ಸ್ಮಾರಕದಲ್ಲಿ ಓದುಗನಿಗೂ ಸ್ಥಾನ ದೊರೆತುದು ಔಚಿತ್ಯಪೂರ್ಣ.

ಇಲ್ಲಿಂದ ಮುಂದಿನ ಲೌಕಿಕ ಏಳಿಗೆಯ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ತಂತಿಯ ಸಂಕೇತಗಳನ್ನು ಕಿವಿಯಿಂದಲೇ ಕೇಳಿ ಅರ್ಥಮಾಡಿಕೊಳ್ಳುವ ಅಪರೂಪದ ಕುಶಲತೆಯನ್ನು ಹುಡುಗನು ಸಾಧಿಸಿದನು. 1853ರಲ್ಲಿ ಪೆನ್ಸಿಲ್ವೇನಿಯ ರೈಲ್ವೆಯ ಅಧಿಕಾರಿ ಥಾಮಸ್ ಸ್ಕಾಟ್ ಅವನನ್ನು ತಿಂಗಳಿಗೆ 35 ಡಾಲರ್ ಸಂಬಳದ ಮೇಲೆ ತನ್ನ ಗುಮಾಸ್ತನನ್ನಾಗಿ ತೆಗೆದುಕೊಂಡನು. ರೈಲ್ವೆಯಿಂದ ಕಬ್ಬಿಣದ ಸೇತುವೆಗಳಿಗೆ, ಸೇತುವೆಗಳಿಂದ ಉಕ್ಕಿಗೆ ಅವರ ಉದ್ಯಮ ಹಬ್ಬಿತು. 1875ರಲ್ಲಿ ಬ್ರ್ಯಾಡಕ್ ಎಂಬಲ್ಲಿ ಅವರ ದೊಡ್ಡ ಉಕ್ಕಿನ ಕಾರ್ಖಾನೆ ಕೆಲಸ ಆರಂಭಿಸಿತು. ಆದರೆ ಸಂಪತ್ತಿನ ನಡುವೆಯೂ ಒಂದು ಅಂತರಂಗದ ಅಶಾಂತಿ ಅವರನ್ನು ಕಾಡಿತು. 1868ರ ಕೊನೆಯಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ತಮಗಾಗಿಯೇ ಬರೆದಿಟ್ಟುಕೊಂಡ ಒಂದು ಟಿಪ್ಪಣಿಯಲ್ಲಿ ಧನಸಂಚಯವು ಕೀಳು ತೆರನ ಪೂಜೆಯೆಂದೂ, ಎರಡು ವರ್ಷಗಳಲ್ಲಿ ವ್ಯವಹಾರವನ್ನು ತೊರೆದು ಆಕ್ಸ್‌ಫರ್ಡಿಗೆ ಹೋಗಿ ಕ್ರಮವಾಗಿ ವಿದ್ಯಾಭ್ಯಾಸ ಮಾಡಬೇಕೆಂದೂ ಸಂಕಲ್ಪಿಸಿದ್ದರು. ಆ ಸಂಕಲ್ಪ ಈಡೇರಲಿಲ್ಲ. ಮೂರು ದಶಕಗಳಿಗೂ ಮೀರಿ ಅವರು ವ್ಯವಹಾರದಲ್ಲಿಯೇ ಉಳಿದರು. ಆದರೆ ಗಳಿಸಿದುದನ್ನು ಬದುಕಿರುವಾಗಲೇ ಲೋಕಹಿತಕ್ಕೆ ವಿನಿಯೋಗಿಸುವುದು ಶ್ರೀಮಂತನ ಕರ್ತವ್ಯವೆಂಬ ಮತವನ್ನು 1889ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದರು.

ದಾನವು ಅದಕ್ಕೂ ಮುಂಚೆಯೇ ಆರಂಭವಾಗಿತ್ತು. ಮೊದಲ ಗ್ರಂಥಾಲಯವನ್ನು ಹುಟ್ಟೂರಾದ ಡನ್‌ಫರ್ಮ್‌ಲಿನ್ನಿಗೆ ಕೊಟ್ಟರು. 1881ರಲ್ಲಿ ತಾಯಿ ಮಾರ್ಗರೆಟ್ ಅದರ ಅಡಿಗಲ್ಲನ್ನಿಟ್ಟರು. 1883ರಲ್ಲಿ ಅದು ತೆರೆಯಿತು. ಸಾಲ ಮಾಡಿ ಊರು ಬಿಟ್ಟ ನೇಕಾರನ ಹೆಂಡತಿ ಅದೇ ಊರಿಗೆ ಗ್ರಂಥಾಲಯದ ದಾನಿಯ ತಾಯಿಯಾಗಿ ಮರಳಿದಳು. ಅಮೆರಿಕದಲ್ಲಿ 1889ರಲ್ಲಿ ಬ್ರ್ಯಾಡಕ್, 1890ರಲ್ಲಿ ಅಲೆಘೆನಿ, 1895ರಲ್ಲಿ ಪಿಟ್ಸ್‌ಬರ್ಗ್ ಗ್ರಂಥಾಲಯಗಳು ತೆರೆದವು. ಕಾಲಕ್ರಮದಲ್ಲಿ ಅವರು ಒಂದು ನಿಯಮವನ್ನು ಗೊತ್ತುಪಡಿಸಿದರು. ಕಟ್ಟಡದ ವೆಚ್ಚ ತಮ್ಮದು. ನಿವೇಶನವನ್ನು ಊರಿನವರು ಒದಗಿಸಬೇಕು. ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷವೂ ನಗರಸಭೆಯು ನಿರ್ವಹಣೆಗಾಗಿ ವೆಚ್ಚಮಾಡಲು ಒಪ್ಪಬೇಕು. ಪುಸ್ತಕ ಕೊಳ್ಳುವುದೂ ಸಿಬ್ಬಂದಿಯನ್ನು ನೇಮಿಸುವುದೂ ಊರಿನ ಹೊಣೆ. ದಾನವನ್ನು ಪಡೆದವರು ಅದನ್ನು ತಮ್ಮದಾಗಿ ಮಾಡಿಕೊಳ್ಳಬೇಕೆಂಬುದು ಈ ನಿಯಮದ ತಾತ್ಪರ್ಯ. ಊರೂರುಗಳಿಂದ ಬಂದ ಮನವಿಗಳನ್ನು ಜೇಮ್ಸ್ ಬರ್ಟ್ರಾಂ ಎಂಬ ಕಾರ್ಯದರ್ಶಿ ಕಟ್ಟುನಿಟ್ಟಾಗಿ ಪರಿಶೀಲಿಸುತ್ತಿದ್ದನು. ಒಟ್ಟು 2,509 ಗ್ರಂಥಾಲಯ ಕಟ್ಟಡಗಳಿಗೆ ಹಣ ಸಂದಿತು. ಅವುಗಳಲ್ಲಿ ಸುಮಾರು 1,680 ಅಮೆರಿಕದಲ್ಲಿ, 660 ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ, 125 ಕೆನಡಾದಲ್ಲಿ. ಉಳಿದವು ನ್ಯೂಜಿಲೆಂಡು ಮೊದಲಾದ ದೇಶಗಳಲ್ಲಿ.

ಮಹನೀಯರ ಚರಿತ್ರೆಯನ್ನು ಬರೆಯುವಾಗ ಬೆಳಕನ್ನಷ್ಟೇ ತೋರಿಸಿ ನೆರಳನ್ನು ಮುಚ್ಚುವುದು ಓದುಗರಿಗೆ ಮಾಡಿದ ಅನ್ಯಾಯವಾಗುತ್ತದೆ. ಕಾರ್ನೆಗಿಯವರ ಬಾಳಿನಲ್ಲಿ ಆ ನೆರಳಿನ ಹೆಸರು ಹೋಮ್‌ಸ್ಟೆಡ್. ಕಾರ್ಮಿಕರಿಗೆ ಸಂಘ ಕಟ್ಟಿಕೊಳ್ಳುವ ಹಕ್ಕುಂಟೆಂದು 1886ರಲ್ಲಿ ಲೇಖನ ಬರೆದವರು ಅವರೇ. ಆದರೆ 1892ರಲ್ಲಿ ಪಿಟ್ಸ್‌ಬರ್ಗಿನ ಬಳಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿಯ ಒಪ್ಪಂದ ಮುರಿದುಬಿದ್ದಾಗ, ಆಡಳಿತ ನಡೆಸುತ್ತಿದ್ದ ಹೆನ್ರಿ ಫ್ರಿಕ್‌ನ ಕಠಿಣ ನೀತಿಗೆ ಅವರ ಬೆಂಬಲವಿತ್ತು. ತಾವು ಮಾತ್ರ ಸ್ಕಾಟ್ಲೆಂಡಿನಲ್ಲಿದ್ದರು. ಜುಲೈ 6ರಂದು ಕಾರ್ಖಾನೆಯ ಪರವಾಗಿ ಸುಮಾರು 300 ಮಂದಿ ಶಸ್ತ್ರಧಾರಿ ಖಾಸಗಿ ಕಾವಲುಗಾರರು ದೋಣಿಗಳಲ್ಲಿ ಬಂದಿಳಿಯಲು ಯತ್ನಿಸಿದಾಗ ಘರ್ಷಣೆ ನಡೆದು, ಎರಡೂ ಕಡೆಗಳಲ್ಲಿ ಪ್ರಾಣಹಾನಿಯಾಯಿತು. ಸೇನಾಪಡೆ ಬಂದಿತು, ಮುಷ್ಕರ ಮುರಿಯಿತು, ಸಂಘವು ನೆಲಕಚ್ಚಿತು. ಆರು ವರ್ಷಗಳ ತರುವಾಯ, 1898ರಲ್ಲಿ, ಅದೇ ಹೋಮ್‌ಸ್ಟೆಡ್‌ನಲ್ಲಿ ಕಾರ್ನೆಗಿಯವರ ಭವ್ಯವಾದ ಗ್ರಂಥಾಲಯ ತಲೆಯೆತ್ತಿತು. ದಿನಕ್ಕೆ ಹನ್ನೆರಡು ಗಂಟೆ ಬೆಂಕಿಯ ಮುಂದೆ ಬೆಂದು ಬಂದವನಿಗೆ ಓದಲು ಹೊತ್ತೆಲ್ಲಿ, ತ್ರಾಣವೆಲ್ಲಿ ಎಂದು ಕಾರ್ಮಿಕರು ಕೇಳಿದರು. ಗ್ರಂಥಾಲಯಕ್ಕೆ ಕೊಡುವ ಹಣವನ್ನು ಕೂಲಿಗೆ ಸೇರಿಸಬಾರದಿತ್ತೇ ಎಂದವರೂ ಉಂಟು. 1904ರಲ್ಲಿ ವೀಲಿಂಗ್ ಎಂಬ ಊರಿನ ಮತದಾರರು, ಕಾರ್ಮಿಕ ಸಂಘಗಳ ವಿರೋಧದಿಂದಾಗಿ, ಈ ದಾನವನ್ನೇ ನಿರಾಕರಿಸಿದರು. ನೇಕಾರನ ಮಗನಾದ ದುಡಿಯುವ ಹುಡುಗನು ದುಡಿಸಿಕೊಳ್ಳುವ ಒಡೆಯನಾದಾಗ, ತನ್ನ ಬಾಲ್ಯದ ಆ ಶನಿವಾರದ ಬಿಡುವನ್ನು ತನ್ನ ಆಳುಗಳಿಗೆ ಒದಗಿಸಲು ಮರೆತನೆಂಬ ಮಾತಿಗೆ ಉತ್ತರ ಹೇಳುವುದು ಸುಲಭವಲ್ಲ. ಓದಿಗೆ ಪುಸ್ತಕದಷ್ಟೇ ಬಿಡುವೂ ಬೇಕು. ಬಿಡುವನ್ನು ಕಸಿದು ಪುಸ್ತಕವನ್ನು ಕೊಟ್ಟರೆ ದಾನವು ಅರ್ಧವಾಗುತ್ತದೆ.

1901ರಲ್ಲಿ ಕಾರ್ನೆಗಿಯವರು ತಮ್ಮ ಉದ್ಯಮವನ್ನು ಜೆ. ಪಿ. ಮಾರ್ಗನ್ನರಿಗೆ ಮಾರಿದರು, ಒಟ್ಟು ಬೆಲೆ 48 ಕೋಟಿ ಡಾಲರ್. ಅದೇ ವರ್ಷ ನ್ಯೂಯಾರ್ಕ್ ನಗರದ ಶಾಖಾ ಗ್ರಂಥಾಲಯಗಳಿಗಾಗಿ ಸುಮಾರು 52 ಲಕ್ಷ ಡಾಲರುಗಳನ್ನು ನೀಡಿದರು. ಕಟ್ಟಡಗಳು ಎದ್ದು ನಿಂತವು. ಆದರೆ ಕಟ್ಟಡದೊಳಗೆ ಬಂದ ಹದಿನಾಲ್ಕರ ಹುಡುಗನಿಗೆ ಯಾವ ಪುಸ್ತಕ, ಯಾರ ಕೈಯಿಂದ, ಯಾವ ಮಾತಿನೊಡನೆ ಎಂಬ ಪ್ರಶ್ನೆ ಉಳಿಯಿತು. ಡನ್‌ಫರ್ಮ್‌ಲಿನ್ನಿನಲ್ಲಿ ಲಾಡರನೂ ಅಲೆಘೆನಿಯಲ್ಲಿ ಆಂಡರ್ಸನ್ನರೂ ಮಾಡಿದ ಕೆಲಸವನ್ನು ಇಲ್ಲಿ ಮಾಡುವವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ನಿಂತವರು ಆ ಕಟ್ಟಡಗಳಲ್ಲಿ ಸೇವೆಗೈದ ಗ್ರಂಥಪಾಲಕರು. ಅವರಲ್ಲಿ ಮೂವರ ಹೆಸರನ್ನು ಇಲ್ಲಿ ಸ್ಮರಿಸದಿದ್ದರೆ ಈ ಚರಿತ್ರೆ ಅಪೂರ್ಣವಾದೀತು.

ಪಿಟ್ಸ್‌ಬರ್ಗಿನ ಗ್ರಂಥಾಲಯದಲ್ಲಿ ಫ್ರಾನ್ಸಿಸ್ ಜೆಂಕಿನ್ಸ್ ಆಲ್ಕಾಟ್ ಎಂಬ ಮಹಿಳೆ 1898ರಿಂದ ಮಕ್ಕಳ ವಿಭಾಗವನ್ನು ಕಟ್ಟಿ ಬೆಳೆಸಿದರು. ಗ್ರಂಥಾಲಯಕ್ಕೆ ಬಾರದ ಮಕ್ಕಳ ಬಳಿಗೆ ಗ್ರಂಥಾಲಯವೇ ಹೋಗಬೇಕೆಂಬುದು ಅವರ ದೃಢಮತ. ಕಾರ್ಮಿಕರ ಕೇರಿಗಳ ಮನೆಗಳಲ್ಲಿ ಚಿಕ್ಕ ಪುಸ್ತಕದ ಪೆಟ್ಟಿಗೆಗಳನ್ನಿರಿಸಿ, ಗ್ರಂಥಾಲಯದವರೇ ಅಲ್ಲಿಗೆ ಹೋಗಿ ನೆರೆಹೊರೆಯ ಮಕ್ಕಳನ್ನು ಕೂಡಿಸಿ, ಕಥೆ ಹೇಳಿ, ಪುಸ್ತಕ ಹಂಚುವ ಏರ್ಪಾಡನ್ನು ಮಾಡಿದರು. ಬೀದಿಯಲ್ಲಿ ಗುಂಪುಗೂಡುವ ಹುಡುಗರಿಗಾಗಿ ಓದಿನ ಕೂಟಗಳನ್ನು ನಡೆಸಿದರು. ಮಕ್ಕಳ ಗ್ರಂಥಪಾಲಕರಾಗುವವರಿಗೆ ಪ್ರತ್ಯೇಕ ಶಿಕ್ಷಣ ಬೇಕೆಂದು ಮನಗಂಡು ಶಿಕ್ಷಣಶಾಲೆಯೊಂದನ್ನೂ ಅಲ್ಲಿ ಸ್ಥಾಪಿಸಲಾಯಿತು.

ಕೆಂಟಕಿ ಪ್ರಾಂತದ ಲೂಯಿವಿಲ್ ನಗರದ ಕಥೆ ಇನ್ನೊಂದು ಬಗೆಯದು. ವರ್ಣಭೇದದ ಆ ಕಾಲದಲ್ಲಿ ಅಲ್ಲಿಯ ಕರಿಯ ಜನರಿಗೆ ಬಿಳಿಯರ ಗ್ರಂಥಾಲಯದಲ್ಲಿ ಪ್ರವೇಶವಿರಲಿಲ್ಲ. 1905ರಲ್ಲಿ ಬಾಡಿಗೆಯ ಕೊಠಡಿಗಳಲ್ಲಿ ಅವರಿಗಾಗಿ ಬೇರೊಂದು ಶಾಖೆ ಆರಂಭವಾಯಿತು. 1908ರಲ್ಲಿ ಕಾರ್ನೆಗಿಯವರ ಹಣದಿಂದ ಅದಕ್ಕೆ ಸ್ವಂತ ಕಟ್ಟಡವಾಯಿತು. ಅದರ ಮುಖ್ಯಸ್ಥ ಥಾಮಸ್ ಫೌಂಟನ್ ಬ್ಲೂ ಎಂಬ ಕರಿಯ ವಿದ್ಯಾವಂತರು. ಭೇದದ ಗೋಡೆಯನ್ನು ಕೆಡಹುವ ಅಧಿಕಾರ ಅವರಿಗಿರಲಿಲ್ಲ. ಗೋಡೆಯ ಈಚೆಗಿನ ಮಕ್ಕಳನ್ನು ಎತ್ತರಕ್ಕೆ ಬೆಳೆಸುವ ಸಂಕಲ್ಪವಿತ್ತು. ಚಿಕ್ಕವರಿಗೆ ಕಥಾಕಾಲಕ್ಷೇಪ, ಪ್ರೌಢಶಾಲೆಯ ಹುಡುಗರಿಗೆ ಚರ್ಚಾಕೂಟ, ಶಾಲೆಗಳಿಗೆ ಪುಸ್ತಕಗಳ ರವಾನೆ, ಕರಿಯ ಯುವತಿಯರಿಗೆ ಗ್ರಂಥಪಾಲನೆಯ ಶಿಕ್ಷಣ ಇವೆಲ್ಲವನ್ನೂ ಆ ಒಂದು ಶಾಖೆಯಿಂದ ಅವರು ನಡೆಸಿದರು. ಚರ್ಚೆಗೆ ನಿಲ್ಲುವ ಹುಡುಗನು ವಿಷಯ ಸಂಗ್ರಹಿಸಲು ಪುಸ್ತಕವನ್ನು ತೆರೆಯಲೇಬೇಕಷ್ಟೆ. ಹೀಗೆ ಅವರು ಓದಿಗೆ ಒಂದು ಪ್ರಯೋಜನವನ್ನು ಮೊದಲೇ ಕಲ್ಪಿಸಿಕೊಟ್ಟರು.

ನ್ಯೂಯಾರ್ಕಿನಲ್ಲಿ ಮೇಬಲ್ ವಿಲಿಯಮ್ಸ್ ಎಂಬ ಗ್ರಂಥಪಾಲಕಿ 1916ರಲ್ಲಿ ಸೇವೆಗೆ ಸೇರಿದರು. ಮಕ್ಕಳ ಕೊಠಡಿಯನ್ನು ದಾಟಿದ ಹದಿಹರೆಯದವರು ದೊಡ್ಡವರ ವಿಭಾಗದಲ್ಲಿ ದಿಕ್ಕು ಕಾಣದೆ ಗ್ರಂಥಾಲಯವನ್ನೇ ತೊರೆಯುತ್ತಿದ್ದುದನ್ನು ಅವರು ಗಮನಿಸಿದರು. ಶಾಖೆಗಳ ಗ್ರಂಥಪಾಲಕರನ್ನು ಪ್ರೌಢಶಾಲೆಗಳೊಡನೆ ಜೋಡಿಸಿದರು. ವಿದ್ಯಾರ್ಥಿಗಳನ್ನು ತರಗತಿ ತರಗತಿಯಾಗಿ ಗ್ರಂಥಾಲಯಕ್ಕೆ ಬರಮಾಡಿಕೊಂಡು ಪುಸ್ತಕಗಳ ವಿಷಯವಾಗಿ ಮಾತನಾಡುವ ಪದ್ಧತಿಯನ್ನು ಬೆಳೆಸಿದರು. 1929ರಲ್ಲಿ ಈ ವಯಸ್ಸಿನವರಿಗಾಗಿಯೇ ಆಯ್ದ ಪುಸ್ತಕಗಳ ಪಟ್ಟಿಯೊಂದು ಪ್ರಕಟವಾಗತೊಡಗಿತು. ಅದು ಅನೇಕ ದಶಕಗಳ ಕಾಲ ವರ್ಷವರ್ಷವೂ ಪರಿಷ್ಕಾರಗೊಂಡು ಹೊರಬರುತ್ತಿತ್ತು. ಪರೀಕ್ಷೆಗೆ ಬೇಕಾದ ಪುಸ್ತಕಗಳ ಪಟ್ಟಿಯಾಗಿರದೆ ಅದು ಎಳೆಯರು ತಾವಾಗಿ ಮೆಚ್ಚಿ ಓದಬಲ್ಲ ಪುಸ್ತಕಗಳ ಪಟ್ಟಿಯಾಗಿತ್ತು. ದೊಡ್ಡವರಿಗಾಗಿ ಬರೆದ ಕೃತಿಗಳಲ್ಲಿಯೂ ಇವರಿಗೆ ರುಚಿಸುವಂಥವು ಅದರಲ್ಲಿ ಸೇರುತ್ತಿದ್ದವು. ಪಟ್ಟಿಯನ್ನು ಸಿದ್ಧಪಡಿಸುವವರು ಪುಸ್ತಕವನ್ನೂ ಹುಡುಗರನ್ನೂ ಸಮವಾಗಿ ಬಲ್ಲವರಾಗಿರಬೇಕೆಂಬುದೇ ಅದರ ಗುಟ್ಟು.

ಕಾರ್ನೆಗಿಯವರು ತಮ್ಮ ಬಹುಪಾಲು ಸಂಪತ್ತನ್ನು ಬದುಕಿರುವಾಗಲೇ ಹಂಚಿದರು. ಆ ಮೊತ್ತ ಸುಮಾರು 35 ಕೋಟಿ ಡಾಲರ್. ಉಳಿದ ದಾನಕಾರ್ಯಕ್ಕಾಗಿ 1911ರಲ್ಲಿ ಕಾರ್ನೆಗಿ ಕಾರ್ಪೊರೇಷನ್ ಎಂಬ ನಿಧಿಯನ್ನು ಸ್ಥಾಪಿಸಿದರು. ಆ ನಿಧಿಯವರು ತಮ್ಮ ಗ್ರಂಥಾಲಯಗಳ ಸ್ಥಿತಿಯನ್ನು ತಿಳಿಯಲು ಆಲ್ವಿನ್ ಜಾನ್ಸನ್ ಎಂಬ ವಿದ್ವಾಂಸರನ್ನು ಕಳುಹಿಸಿದರು. ಹಲವು ಊರುಗಳಲ್ಲಿ ಕಟ್ಟಡ ಚೆನ್ನಾಗಿದ್ದರೂ ಪುಸ್ತಕಗಳು ಸಾಲದೆಂದೂ, ತರಬೇತಿ ಪಡೆದ ಗ್ರಂಥಪಾಲಕರಿಲ್ಲದೆ ಸೇವೆ ಸೊರಗಿದೆಯೆಂದೂ 1916ರಲ್ಲಿ ಅವರು ವರದಿ ಮಾಡಿದರು. ಮರುವರ್ಷ ಹೊಸ ಕಟ್ಟಡಗಳಿಗೆ ಹಣ ಕೊಡುವುದು ನಿಂತಿತು. ಕಟ್ಟಿಸುವವನ ಕೈಯಲ್ಲಿ ಅರ್ಧ ಕೆಲಸ, ನಡೆಸುವವನ ಕೈಯಲ್ಲಿ ಉಳಿದರ್ಧ ಎಂಬುದು ಆ ವರದಿಯಿಂದ ಶ್ರುತಪಟ್ಟಿತು. 1919ರ ಆಗಸ್ಟ್ 11ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಲೆನಾಕ್ಸ್ ಎಂಬಲ್ಲಿ, ಎಂಬತ್ತಮೂರನೆಯ ವಯಸ್ಸಿನಲ್ಲಿ ಕಾರ್ನೆಗಿಯವರು ಕಾಲವಶರಾದರು.

ಈ ಜೀವನದಿಂದ ನಾವು ಗ್ರಹಿಸಬೇಕಾದುದೇನು? ಸಾವಿರಾರು ಕಟ್ಟಡಗಳ ಮೂಲದಲ್ಲಿರುವುದು 400 ಪುಸ್ತಕಗಳು ಮತ್ತು ಒಂದು ಶನಿವಾರ. ಆಂಡರ್ಸನ್ನರು ಕೋಟ್ಯಧೀಶರಾಗಿ ಆ ಕಾರ್ಯವನ್ನು ಮಾಡಲಿಲ್ಲ; ತಮ್ಮ ಮನೆಯ ಪುಸ್ತಕಗಳನ್ನು ನಂಬಿಕೆಯಿಂದ ಹುಡುಗರ ಕೈಗಿತ್ತರು, ವಾರವಾರವೂ ತಾವೇ ಬಾಗಿಲಲ್ಲಿ ನಿಂತರು. ಅಂಥ ಭಂಡಾರವೂ ಒಂದು ನಿಯಮದಿಂದ ಮುಚ್ಚಿಹೋಗಬಹುದೆಂಬುದನ್ನು, ಒಬ್ಬ ಹುಡುಗನ ಕಾಗದದಿಂದ ಮತ್ತೆ ತೆರೆಯಬಹುದೆಂಬುದನ್ನು ಈ ಕಥೆ ತೋರಿಸುತ್ತದೆ. ಪುಸ್ತಕ ಹರಿದೀತು, ಕಳೆದೀತು ಎಂಬ ಭಯದಿಂದ ಬೀರುವಿಗೆ ಬೀಗ ಹಾಕುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹರಿದ ಪುಸ್ತಕವನ್ನು ಮತ್ತೆ ಕೊಳ್ಳಬಹುದು. ಬಾಗಿಲಿನಿಂದ ಹಿಂದಿರುಗಿದ ಹುಡುಗನನ್ನು ಮತ್ತೆ ಕರೆತರುವುದು ಕಷ್ಟ.

ಆದುದರಿಂದ ಶಿಕ್ಷಕಬಂಧುಗಳು ಪಾಠದ ನಡುವೆ ಒಂದು ಒಳ್ಳೆಯ ಪುಸ್ತಕದ ಹೆಸರನ್ನು ಪ್ರೀತಿಯಿಂದ ಹೇಳಿ, ಅದು ವಿದ್ಯಾರ್ಥಿಯ ಕೈಸೇರುವಂತೆ ನೋಡಿಕೊಂಡರೆ ಲಾಡರನ ಕೆಲಸವನ್ನು ಮಾಡಿದಂತೆ. ಹಳೆಯ ವಿದ್ಯಾರ್ಥಿಗಳು ತಮ್ಮ ಹದಿನೈದರ ವಯಸ್ಸಿನಲ್ಲಿ ತಮ್ಮನ್ನು ಎಚ್ಚರಿಸಿದ ಒಂದು ಪುಸ್ತಕವನ್ನು ಇಂದಿನ ಹದಿನೈದರವನಿಗೆ ತಲುಪಿಸಿದರೆ ಆಂಡರ್ಸನ್ನರ ಋಣ ಸ್ವಲ್ಪಮಟ್ಟಿಗೆ ಸಂದಂತೆ. ದಾನಿಗಳು ಕಟ್ಟಡದ ಗೋಡೆಯ ಜೊತೆಗೆ ಅದರೊಳಗಿನ ಪುಸ್ತಕವನ್ನೂ, ಪುಸ್ತಕವನ್ನು ಎತ್ತಿಕೊಡುವ ಕೈಯನ್ನೂ, ಓದಲು ಬೇಕಾದ ಬಿಡುವನ್ನೂ ನೆನೆದರೆ ಕಾರ್ನೆಗಿಯವರ ದಾನದಲ್ಲಿ ಉಳಿದುಹೋದ ಅರ್ಧವೂ ತುಂಬಿದಂತೆ. ನಿಮ್ಮ ಶಾಲೆಯ ಗ್ರಂಥಭಂಡಾರದ ಬಾಗಿಲಿಗೆ ಈ ವಾರ ಯಾವ ಹುಡುಗ, ಯಾವ ಹುಡುಗಿ ಬಂದು ನಿಂತರು, ಬರಿಗೈಯಲ್ಲಿ ಹಿಂದಿರುಗಿದವರು ಎಷ್ಟು ಮಂದಿ ಎಂಬುದನ್ನೊಮ್ಮೆ ವಿಚಾರಿಸಿ ನೋಡಿ. ಎಳೆಯರ ಕೈಯಲ್ಲಿ ಪುಸ್ತಕ ನೆಲಸಲಿ; ಅವರ ಬಾಳು ಬೆಳಗಲಿ.